ಗರ್ಭಿಣಿಯರ ಯೋಗ ತರಗತಿ: ಶಿಕ್ಷಕರ ಹೊಣೆಗಾರಿಕೆ ಮತ್ತು ವಿಮೆ (ಇಂಗ್ಲೆಂಡ್)

ಗರ್ಭಿಣಿಯರಿಗೆ ಯೋಗಾಸನ ಕಲಿಸುವಾಗ ಶಿಕ್ಷಕರ ನಿರ್ಲಕ್ಷ್ಯದಿಂದ ಹಾನಿಯುಂಟಾದರೆ, ಅದಕ್ಕೆ ಪರಿಹಾರ ನೀಡುವ ಕಾನೂನುಬದ್ಧ ಹೊಣೆ ಶಿಕ್ಷಕರದಾಗಿರುತ್ತದೆ. ಇಂಗ್ಲೆಂಡಿನಲ್ಲಿ ಈ ಹೊಣೆಯು ತಾಯಿಗೆ ಮಾತ್ರ ಸೀಮಿತವಲ್ಲ. 1976ರ ಜನ್ಮಜಾತ ಅಂಗವೈಕಲ್ಯ (ನಾಗರಿಕ ಹೊಣೆಗಾರಿಕೆ) ಕಾಯಿದೆಯ ಪ್ರಕಾರ, ಅನ್ಯರ ತಪ್ಪಿನಿಂದ ಅಂಗವೈಕಲ್ಯದೊಂದಿಗೆ ಜನಿಸಿದ ಮಗುವೂ ಪರಿಹಾರ ಕೋರಬಹುದು.

ಕಾಲಮಿತಿ

1980ರ ಕಾಲಮಿತಿ ಕಾಯಿದೆಯು ದೈಹಿಕ ಹಾನಿಯ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಅವಧಿಯನ್ನು ನಿಗದಿಪಡಿಸಿದೆ. ಮಗುವಿನ ವಿಷಯದಲ್ಲಿ ಈ ಅವಧಿಯು 18 ವರ್ಷ ತುಂಬಿದ ಬಳಿಕ ಆರಂಭವಾಗುವುದರಿಂದ, ತರಗತಿ ನಡೆದು ಎರಡು ದಶಕಗಳಾದ ಮೇಲೂ ದಾವೆ ಹೂಡಲು ಸಾಧ್ಯವಿದೆ.

ಸಹಿ ಮಾಡಿದ ಪತ್ರ

ಹಾನಿಯಾದರೆ ಶಿಕ್ಷಕರು ಹೊಣೆಯಲ್ಲವೆಂದು ವಿದ್ಯಾರ್ಥಿನಿಯಿಂದ ಬರೆಸಿಕೊಂಡ ಪತ್ರವು ನಿರ್ಲಕ್ಷ್ಯಕ್ಕೆ ರಕ್ಷಣೆ ನೀಡುವುದಿಲ್ಲ. ನಿರ್ಲಕ್ಷ್ಯದಿಂದಾದ ಸಾವು ಅಥವಾ ದೈಹಿಕ ಹಾನಿಯ ಹೊಣೆಯನ್ನು ವ್ಯಾಪಾರಿಯು ಇಂತಹ ಷರತ್ತಿನಿಂದ ಕಳಚಿಕೊಳ್ಳುವುದನ್ನು 2015ರ ಗ್ರಾಹಕರ ಹಕ್ಕುಗಳ ಕಾಯಿದೆಯು ತಡೆಯುತ್ತದೆ. ಆದರೆ ಆರೋಗ್ಯ ವಿವರಗಳ ನಮೂನೆಯು ಶಿಕ್ಷಕರು ವಹಿಸಿದ ಎಚ್ಚರಿಕೆಗೆ ಸಾಕ್ಷ್ಯವಾಗಬಲ್ಲದು.

ವಿಮೆ

ತಪ್ಪು ಬೋಧನೆಯಿಂದಾದ ಹಾನಿಯನ್ನು ವೃತ್ತಿಪರ ಹೊಣೆಗಾರಿಕೆ ವಿಮೆಯೂ, ಒದ್ದೆ ನೆಲದಲ್ಲಿ ಜಾರಿ ಬೀಳುವಂತಹ ಅವಘಡಗಳನ್ನು ಸಾರ್ವಜನಿಕ ಹೊಣೆಗಾರಿಕೆ ವಿಮೆಯೂ ಭರಿಸುತ್ತವೆ. ಗರ್ಭಿಣಿಯರಿಗೆ ಕಲಿಸಲು ವಿಮಾದಾರರು ಪ್ರತ್ಯೇಕ ತರಬೇತಿಯನ್ನು ಅಪೇಕ್ಷಿಸಬಹುದು. ಕೆಲವು ಪಾಲಿಸಿಗಳು ಘಟನೆಯ ದಿನವನ್ನೂ, ಕೆಲವು ಪರಿಹಾರ ಕೋರಿಕೆ ಬಂದ ದಿನವನ್ನೂ ಆಧರಿಸುತ್ತವೆ. ಎರಡನೆಯ ಬಗೆಯಲ್ಲಿ, ನಿವೃತ್ತಿಯ ನಂತರವೂ ರಕ್ಷಣೆಯನ್ನು ಮುಂದುವರಿಸದಿದ್ದರೆ ಮಗುವಿನ ಪರಿಹಾರದ ಹೊರೆ ಶಿಕ್ಷಕರ ಮೇಲೆಯೇ ಬೀಳಬಹುದು.