ಉಮ್ಮನ ಕೈಗೆ ಬರುವ ಹಳೇ ಫೋನ್

ಗಲ್ಫ್‌ನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಬಾದಾಮಿ, ಖರ್ಜೂರ, ಅತ್ತರಿನ ಜೊತೆಗೆ ಈಗ ಒಂದು ಫೋನ್ ಇದ್ದೇ ಇರುತ್ತದೆ. ಅದು ಯಾರಿಗೆ ಎಂಬುದು ಪೆಟ್ಟಿಗೆ ಬಿಚ್ಚುವ ಮೊದಲೇ ತೀರ್ಮಾನ ಆಗಿರ್ತದೆ. ಹೊಸ ಸೆಟ್ ಕಾಲೇಜಿಗೆ ಹೋಗುವ ತಮ್ಮನಿಗೆ. ತಮ್ಮನ ಕೈಯಲ್ಲಿದ್ದದ್ದು ತಂಗಿಗೆ. ತಂಗಿಯದ್ದು ಉಮ್ಮನಿಗೆ. "ಉಮ್ಮನಿಗೆ ಎಂತ, ಫೋನ್ ಬಂದ್ರೆ ಎತ್ತುದು, ಅಷ್ಟೇ ಅಲ್ವಾ?" ಎನ್ನುತ್ತೇವೆ. ಉಮ್ಮನೂ ಹಾಗೆಯೇ ಹೇಳುತ್ತಾರೆ, "ನನಗೆ ಯಾಕೆ ಹೊಸತು?"

ಉಮ್ಮ ಆ ಫೋನಿನಲ್ಲಿ ಏನೇನು ಮಾಡ್ತಾರೆ ಎಂದು ಒಂದು ದಿನ ಲೆಕ್ಕ ಹಾಕಿ ನೋಡಿ. ದಮಾಮ್‌ನಲ್ಲಿರುವ ಮಗನ ವೀಡಿಯೊ ಕಾಲ್. ಗಂಡನ ಮನೆಯಲ್ಲಿರುವ ಮಗಳ ವಾಯ್ಸ್ ಮೆಸೇಜ್. ಮಗ ಕಳಿಸಿದ ದುಡ್ಡು ಖಾತೆಗೆ ಬಿದ್ದ ಸಂದೇಶ. ಬ್ಯಾಂಕಿನ ಒಟಿಪಿ, ಗ್ಯಾಸ್ ಸಿಲಿಂಡರಿನ ಒಟಿಪಿ. ಮದುವೆಯ ಆಮಂತ್ರಣ, ಮಯ್ಯತ್ ನಮಾಝಿನ ಸಮಯ. ತಮ್ಮನ ಫೋನ್ ಒಂದು ದಿನ ಕೆಟ್ಟರೆ ಅವನ ಆಟ ನಿಲ್ತದೆ. ಉಮ್ಮನ ಫೋನ್ ಕೆಟ್ಟರೆ ಅರ್ಧ ಮನೆಯೇ ನಿಲ್ತದೆ. ಮನೆಯಲ್ಲಿ ಅತಿ ಹೆಚ್ಚು ಹೊಣೆ ಇರುವ ಫೋನ್ ಉಮ್ಮನದ್ದು. ಅತಿ ಹಳೆಯ ಫೋನೂ ಅದೇ.

ಹಿಂದೆ ಹೀಗಿರಲಿಲ್ಲ. ಎಂಬತ್ತರ ದಶಕದಲ್ಲಿ ಗಲ್ಫ್‌ನಿಂದ ಬಂದ ಟೂ-ಇನ್-ಒನ್ ಚಾವಡಿಯಲ್ಲಿ ಬಟ್ಟೆ ಹೊದ್ದು ಕೂತಿರುತ್ತಿತ್ತು. ಮಗ ತನ್ನ ಮಾತನ್ನು ಕ್ಯಾಸೆಟ್‌ನಲ್ಲಿ ತುಂಬಿಸಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ. ಅದನ್ನು ಹಾಕಿದಾಗ ಹತ್ತಿರ ಕೂರುವ ಹಕ್ಕು ಉಮ್ಮನದ್ದು. ಈಗ ಸ್ವರದ ಜೊತೆ ಮುಖವೂ ಕಾಣ್ತದೆ, ಆದರೆ ಉಮ್ಮನ ಸರದಿ ಕೊನೆಗೆ ಹೋಗಿದೆ.

ನಮ್ಮ ಮನೆಯ ಕಥೆಯೂ ಬೇರೆಯಲ್ಲ. ಉಮ್ಮನಿಗೆ ಬಂದ ಫೋನ್ ಮೊದಲೇ ಮೂರು ಕೈ ದಾಟಿತ್ತು. ಪರದೆಯ ಮೇಲೆ ಹಸಿರು ಗೆರೆ ಇತ್ತು. ಗೂಗಲ್ ಖಾತೆ ಮೊಮ್ಮಗನದ್ದೇ ಉಳಿದಿದ್ದ ಕಾರಣ ಪ್ರವಚನ ಕೇಳಲು ಯೂಟ್ಯೂಬ್ ತೆರೆದರೆ ಕ್ರಿಕೆಟ್ ಮತ್ತು ಪಬ್ಜಿ! ಇದಕ್ಕೆಲ್ಲ ನಗಬಹುದು. ಆದರೆ ಕೆಲವು ವಾರ ಉಮ್ಮ ಒಂದೇ ಮಾತು ಹೇಳ್ತಿದ್ದರು, "ಅವನಿಗೆ ಹುಷಾರಿಲ್ಲ, ನಮಗೆ ಹೇಳುವುದಿಲ್ಲ. ಸ್ವರ ಕೇಳಿದರೆ ಗೊತ್ತಾಗುದಿಲ್ವಾ?" ಅಂಗಡಿಗೆ ಕೊಂಡುಹೋದರೆ ರಿಪೇರಿಯವ ಸ್ಪೀಕರಿನ ಸಣ್ಣ ಜಾಲರಿಗೆ ಒಂದು ಬ್ರಷ್ ಹಾಕಿದ, ವರ್ಷಗಳ ಧೂಳು ಹೊರಗೆ ಬಂತು. ಆ ರಾತ್ರಿ ಮಗನ ಸ್ವರ ಸರಿಯಾಯ್ತು. ದಮಾಮ್‌ನಲ್ಲಿ ಅವನು ಮೊದಲೂ ಆರಾಮಾಗಿಯೇ ಇದ್ದ.

ಧೂಳು ತೆಗೆಯಬಹುದು, ಫೋನಿನ ಪ್ರಾಯ ತೆಗೆಯಲಿಕ್ಕಾಗುವುದಿಲ್ಲ. ಸೆಕ್ಯುರಿಟಿ ಅಪ್‌ಡೇಟ್ ಸಿಗುವುದು ಇಂತಿಷ್ಟು ವರ್ಷ ಮಾತ್ರ. 2023ರ ಗೂಗಲ್ ಪಿಕ್ಸೆಲ್ 8, 2024ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಮುಂತಾದ ದುಬಾರಿ ಸೆಟ್‌ಗಳಿಗೆ 7 ವರ್ಷ ಎಂದು ಕಂಪೆನಿಗಳೇ ಹೇಳಿವೆ. ಅಗ್ಗದ, ಹಳೆಯ ಸೆಟ್‌ಗಳಿಗೆ ಇದಕ್ಕಿಂತ ಕಡಿಮೆ. ಈ ವರ್ಷಗಳ ಲೆಕ್ಕ ಶುರುವಾಗುವುದು ಆ ಮಾಡೆಲ್ ಮಾರುಕಟ್ಟೆಗೆ ಬಂದಾಗ, ಉಮ್ಮನ ಕೈಗೆ ಬಂದಾಗ ಅಲ್ಲ. ಹಾಗಾಗಿ ಖಾತೆಯ ಒಟಿಪಿ ಬರುವ ಫೋನೇ ಕಾವಲಿಲ್ಲದ ಫೋನ್ ಆಗಿರ್ತದೆ. ತೀರಾ ಹಳೆಯದಾದರೆ ವಾಟ್ಸ್ಆ್ಯಪ್ ಕೂಡ ನಡೆಯುವುದಿಲ್ಲ. 2025ರ ಆರಂಭದಿಂದ ಆಂಡ್ರಾಯ್ಡ್ 4.4 ಇರುವ ಸೆಟ್‌ಗಳಲ್ಲಿ ಅದು ನಿಂತಿದೆ.

ಬ್ಯಾಟರಿಯದ್ದೂ ಇದೇ ಕಥೆ. ಲಿಥಿಯಂ ಬ್ಯಾಟರಿ ಕೆಲವು ನೂರು ಬಾರಿ ಪೂರ್ತಿ ಚಾರ್ಜ್ ಆದ ಮೇಲೆ ಮೊದಲಿನಷ್ಟು ಹಿಡಿದುಕೊಳ್ಳುವುದಿಲ್ಲ. "ಮಗ ಫೋನ್ ಮಾಡುವಾಗ ಆಫ್ ಆದ್ರೆ?" ಎಂಬ ಹೆದರಿಕೆಯಲ್ಲಿ ಉಮ್ಮ ಇಡೀ ರಾತ್ರಿ ಚಾರ್ಜಿಗೆ ಹಾಕ್ತಾರೆ, ಅದೂ ದಿಂಬಿನ ಹತ್ತಿರ. ಬಿಸಿ ಬ್ಯಾಟರಿಯ ಶತ್ರು. ಹಿಂದಿನ ಕವರ್ ಉಬ್ಬಿದ್ದರೆ, ಪರದೆ ಮೇಲೆದ್ದಿದ್ದರೆ ಚಾರ್ಜಿಗೆ ಹಾಕಲೇಬೇಡಿ, ಒತ್ತಬೇಡಿ, ಅಂಗಡಿಗೆ ಕೊಡಿ. ಇನ್ನು ಗಲ್ಫ್‌ನಿಂದ ಬಂದ ಚಾರ್ಜರಿನ ಚೌಕ ಮೂರು ಪಿನ್ ನಮ್ಮ ಸಾಕೆಟ್ಟಿಗೆ ಕೂರುವುದಿಲ್ಲ. ಪೆನ್ನು ತುರುಕಿ ಕೂರಿಸುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ಉಂಟು. ಒಳ್ಳೆಯ ಕನ್ವರ್ಟರ್ ಪಿನ್ನಿಗೆ ಕೊಡುವ ದುಡ್ಡು ದಂಡ ಅಲ್ಲ.

ಹೊಸ ಫೋನೇ ಕೊಡಬೇಕು ಎಂದು ನಾವು ಹೇಳುವುದಿಲ್ಲ, ಎಲ್ಲರ ಕೈಯಲ್ಲೂ ಅಷ್ಟು ದುಡ್ಡು ಇರುವುದಿಲ್ಲ. ಹಳೆಯದನ್ನೇ ಕೊಡುವುದಾದರೆ ಒಂದು ಗಂಟೆ ಕೂತು ಸರಿ ಮಾಡಿ ಕೊಡಬಹುದಲ್ಲ? ಬೇಕಾದ ಫೋಟೊ ತೆಗೆದಿಟ್ಟುಕೊಳ್ಳಿ. ಹಳೆಯ ಖಾತೆ ತೆಗೆದು ಪೂರ್ತಿ ರೀಸೆಟ್ ಮಾಡಿ, ಉಮ್ಮನ ಹೆಸರಲ್ಲೇ ಖಾತೆ ತೆರೆಯಿರಿ. ಅಕ್ಷರ ದೊಡ್ಡದು ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ, ವೀಡಿಯೊ ತಾವಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ಪ್ರತಿ ಶುಕ್ರವಾರದ 'ಜುಮಾ ಮುಬಾರಕ್' ಚಿತ್ರಗಳಲ್ಲೇ ಜಾಗ ಭರ್ತಿಯಾಗಿ ಫೋನ್ ಹ್ಯಾಂಗ್ ಆಗ್ತದೆ. ಬ್ಯಾಟರಿ ಬಿದ್ದುಹೋಗಿದ್ದರೆ ಬದಲಿಸಿ.

ಇನ್ನೊಂದು ಕೆಲಸ. *#06# ಒತ್ತಿದರೆ 15 ಅಂಕೆಯ ಐಎಂಇಐ ನಂಬರ್ ಬರ್ತದೆ. ಬಸ್ಸಿನಲ್ಲೋ ಮದುವೆ ಹಾಲಿನಲ್ಲೋ ಫೋನ್ ಕಳೆದುಹೋದರೆ ಪೊಲೀಸ್ ದೂರು ಕೊಟ್ಟು, ಕೇಂದ್ರ ಸರಕಾರದ 'ಸಂಚಾರ ಸಾಥಿ'ಯಲ್ಲಿ ಈ ನಂಬರ್ ಹಾಕಿ ಆ ಸೆಟ್ಟನ್ನು ಬ್ಲಾಕ್ ಮಾಡಿಸಬಹುದು. ಫೋನ್ ಕೈಯಲ್ಲಿರುವಾಗಲೇ ಅದನ್ನು ಬರೆದಿಟ್ಟುಕೊಳ್ಳಬೇಕು. ಯಾರಾದರೂ ಮೋಸ ಮಾಡಿ ಖಾತೆಯಿಂದ ದುಡ್ಡು ಎಳೆದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಒಟಿಪಿಯನ್ನು ಮಗನೆಂದು ಹೇಳಿಕೊಂಡು ಕೇಳಿದವರಿಗೂ ಕೊಡಬಾರದು ಎಂದು ಉಮ್ಮನಿಗೆ ಸಮಾಧಾನದಲ್ಲಿ, ಎರಡು ಮೂರು ಸಲ ಹೇಳಿ. ಗದರಿಸಿ ಕಲಿಸಿದರೆ ಮುಂದಿನ ಸಲ ಸಂಶಯ ಬಂದರೂ ನಮ್ಮಲ್ಲಿ ಕೇಳುವುದಿಲ್ಲ.

ಅಡುಗೆಕೋಣೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಬಿಪಿ ಮಾತ್ರೆಯ ತಾರೀಕು ಬರೆದಿರ್ತದೆ. ಅದರ ಪಕ್ಕದಲ್ಲಿ ಐಎಂಇಐ ನಂಬರಿಗೂ 1930ಕ್ಕೂ ಜಾಗ ಉಂಟು. ಇವತ್ತೇ ಬರೆದಿಡಿ.