ಬೈರಿಗೆ ಬೀಳದ ಬಂದೂಕು

ಟೆಕ್ಸಾಸ್‌ನ ಸಣ್ಣ ಊರುಗಳಲ್ಲಿ ಬಂದೂಕಿನ ಸಂತೆ ಸೇರುವುದು ಹೆಚ್ಚಾಗಿ ಶನಿವಾರ, ಭಾನುವಾರ. ದನಗಳ ಪ್ರದರ್ಶನಕ್ಕೂ ಮದುವೆ ಊಟಕ್ಕೂ ಒದಗುವ ತಗಡಿನ ಮಾಡಿನ ಉದ್ದನೆಯ ಕಟ್ಟಡ, ಒಳಗೆ ಬಟ್ಟೆ ಹಾಸಿದ ಮೇಜುಗಳ ಸಾಲು. ಬಾಗಿಲಲ್ಲೇ ಒಬ್ಬ ಕೂತಿರುತ್ತಾನೆ. ಬಂದೂಕು ತಂದವರಿದ್ದರೆ ಅದನ್ನು ತೆರೆದು, ಬೆರಳಿಟ್ಟು ನೋಡಿ, ತೋಟೆ ಇಲ್ಲವೆಂದು ಖಾತ್ರಿಯಾದ ಮೇಲೆ ಬೋಲ್ಟಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಒಳಗೆ ಬಿಡುತ್ತಾನೆ. ಒಳಗೆ ಕಾಲಿಟ್ಟರೆ ಬಂದೂಕಿನ ಎಣ್ಣೆ, ಹಳೆ ಚರ್ಮ, ಒಣಮಾಂಸದ ವಾಸನೆಗಳು ಒಟ್ಟಿಗೇ ಮೂಗಿಗೆ ಬಡಿಯುತ್ತವೆ. ಮುಂದಿನ ಸಾಲುಗಳಲ್ಲಿ ಹೊಸ ಕಾಲದ ಕಪ್ಪು ರೈಫಲ್‌ಗಳು, ಅವುಗಳ ಸುತ್ತ ಟೋಪಿ ಹಾಕಿದ ಹುಡುಗರ ಗುಂಪು. ಹಿಂದಿನ ಮೂಲೆಗೆ ಹೋದಂತೆ ಜನ ಕಡಿಮೆಯಾಗುತ್ತಾರೆ, ತಲೆಗಳು ನೆರೆಯುತ್ತವೆ, ಮೇಜಿನ ಮೇಲೆ ಮರ ಕಾಣಿಸತೊಡಗುತ್ತದೆ.

ನಮ್ಮ ಭಾವ ಹೋಗುವುದು ಆ ಮೂಲೆಗೆ. ಊರು ತೀರ್ಥಹಳ್ಳಿ ಕಡೆ. ಅಮೆರಿಕದ ಪೌರರಾಗಿ ಬಹಳ ವರ್ಷವಾಯಿತು, ಕಂಪ್ಯೂಟರ್ ಕೆಲಸದಿಂದ ನಿವೃತ್ತಿಯಾಗಿ ಕೆಲವೇ ವರ್ಷ. ಅಡಿಕೆ ತೋಟಕ್ಕೆ ಮಂಗ, ಹಂದಿ ಬಂದರೆ ಅಜ್ಜ ಹೊರಗೆ ತೆಗೆಯುತ್ತಿದ್ದ ಕೇಪಿನ ಕೋವಿಯನ್ನು ಮುಟ್ಟಲು ಬಿಡುತ್ತಿರಲಿಲ್ಲವೆಂಬ ದೂರು ಅವರಲ್ಲಿ ಇನ್ನೂ ತಾಜಾ ಇದೆ. ಆ ದೂರನ್ನು ಇಲ್ಲಿ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದಾರೆ ಅಂತ ಅಕ್ಕನ ಅಂಬೋಣ.

ಆ ಮೂಲೆಯ ಮೇಜೊಂದರ ಮೇಲೆ ರಷ್ಯಾದ ಮೊಸಿನ್, ಜರ್ಮನಿಯ ಮೌಸರ್, ಅಮೆರಿಕದ್ದೇ ಗ್ಯಾರಂಡ್. ಅವುಗಳ ಪಕ್ಕದಲ್ಲಿ ಮೂತಿ ಮೊಂಡಾದ ಒಂದು ಬಂದೂಕು. ಅದರ ನಳಿಗೆ ಬೇರೆ ಬಂದೂಕುಗಳಂತೆ ಮರದಿಂದ ಹೊರಗೆ ಚಾಚಿರುವುದಿಲ್ಲ, ತುದಿಯವರೆಗೂ ಮರ ಹೊದ್ದು ಕೊನೆಗೊಂದು ಕಬ್ಬಿಣದ ಮುಸುಕು. ನಮ್ಮಲ್ಲಿ ಪೊಲೀಸ್ ಠಾಣೆಯ ಸೆಂಟ್ರಿಯ ಕೈಯಲ್ಲಿ, ಬ್ಯಾಂಕಿಗೆ ದುಡ್ಡು ತರುವ ಜೀಪಿನಲ್ಲಿ ಇದನ್ನು ನೋಡದೆ ದೊಡ್ಡವರಾದವರಿಲ್ಲ. ತ್ರೀ ನಾಟ್ ತ್ರೀ! ಆದರೆ ಇದು ಅದಲ್ಲ, ಅದರ ತಮ್ಮ. ಭಾವ ಕನ್ನಡಕ ಹಣೆಗೇರಿಸಿ, ಬೋಲ್ಟಿನ ಹಿಂದೆ ಹಿಡಿ ಸೇರುವಲ್ಲಿನ ಉಕ್ಕಿನ ಪಟ್ಟಿಯ ಮೇಲೆ ಬೆರಳಾಡಿಸಿದರು. 7.62 ಎಂಎಂ, 2ಎ1, ಆರ್‌ಎಫ್‌ಐ. ರೈಫಲ್ ಫ್ಯಾಕ್ಟರಿ, ಇಶಾಪುರ.

ಇಶಾಪುರ ಇರುವುದು ಕೋಲ್ಕತ್ತದ ಉತ್ತರಕ್ಕೆ, ಹೂಗ್ಲಿಯ ದಡದಲ್ಲಿ. ಬ್ರಿಟಿಷರು ಅಲ್ಲಿ ಮೊದಲು ಮದ್ದಿನ ಕಾರ್ಖಾನೆ ಇಟ್ಟರು, 20ನೇ ಶತಮಾನದ ಆರಂಭದಲ್ಲಿ ಬಂದೂಕಿನದ್ದು. ಅಲ್ಲಿ ತಯಾರಾದದ್ದು ಲೀ ಎನ್‌ಫೀಲ್ಡ್, ಅಂದರೆ ನಮ್ಮ ತ್ರೀ ನಾಟ್ ತ್ರೀ. ಲೀ ಎಂದರೆ ಜೇಮ್ಸ್ ಪ್ಯಾರಿಸ್ ಲೀ. ಸ್ಕಾಟ್ಲೆಂಡ್‌ನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ಬೋಲ್ಟ್ ಮತ್ತು ಮ್ಯಾಗಜಿನ್‌ಗಳ ಬಗ್ಗೆ ತಲೆ ಕೆಡಿಸಿಕೊಂಡವನು. ಎನ್‌ಫೀಲ್ಡ್ ಲಂಡನ್ನಿನ ಉತ್ತರಕ್ಕಿರುವ, ಸರ್ಕಾರಿ ಕಾರ್ಖಾನೆಯ ಊರು. 1907ರಲ್ಲಿ ಬಂದ ಮಾರ್ಕ್ 3 ಎಂಬ ನಮೂನೆ ಎರಡು ಮಹಾಯುದ್ಧಗಳನ್ನೂ ಕಂಡಿತು. 1914ರಲ್ಲಿ ಭಾರತದ ತುಕಡಿಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಾಗ ಅವರ ಹಳೆ ರೈಫಲ್ ವಾಪಸ್ ಪಡೆದು ಕೈಗೆ ಕೊಟ್ಟದ್ದು ಇದನ್ನೇ. 1962ರಲ್ಲಿ ಚೀನಾದ ಎದುರು ಹಿಮದಲ್ಲಿ ನಿಂತ ನಮ್ಮ ಸೈನಿಕರ ಕೈಯಲ್ಲಿದ್ದದ್ದೂ ಬಹುಮಟ್ಟಿಗೆ ಇದೇ ವಂಶ. ಆ ಯುದ್ಧದ ಬಿಸಿಯಲ್ಲೇ ಇಶಾಪುರದವರು ಹಳೆ ನಕ್ಷೆಯನ್ನು ಮುಂದಿಟ್ಟುಕೊಂಡು, ಉಕ್ಕನ್ನು ಗಟ್ಟಿ ಮಾಡಿ, 7.62ರ ತೋಟೆ ಹಿಡಿಯುವಂತೆ ಹೊಸ ಬಂದೂಕು ಮಾಡಿದರು. ಹಳೆಯ .303ಕ್ಕೆ ಹೊಸ ನಳಿಗೆ ತೊಡಿಸಿದ ಮಾಲು ಅಂತ ಇದನ್ನು ತಿಳಿದವರುಂಟು, ಅದು ತಪ್ಪು. ಇದು ಹುಟ್ಟಾ 7.62. ಹಳೆಯದಕ್ಕೆ ಬಾಗಿದ ಮ್ಯಾಗಜಿನ್, ಇದಕ್ಕೆ ಚೌಕನೆಯ ಪೆಟ್ಟಿಗೆ. 2ಎ ನಮೂನೆಯ ಸೈಟಿನಲ್ಲಿ 2000 ಗಜದವರೆಗೆ ಗೆರೆ ಇತ್ತು, 2ಎ1 ಬರುವ ಹೊತ್ತಿಗೆ ಅದನ್ನು 800 ಮೀಟರಿಗೆ ಇಳಿಸಿದರು. 2000 ಗಜದಾಚೆ ನಿಂತವನಿಗೆ ಬರಿಗಣ್ಣಿನಿಂದ ಗುರಿಯಿಡುವ ಭ್ರಮೆಯನ್ನು ಯಾರೋ ಒಬ್ಬ ಪುಣ್ಯಾತ್ಮ ಕೊನೆಗೂ ಬಿಟ್ಟ.

ಆಮೇಲಿನ ದಶಕಗಳಲ್ಲಿ ಇವು ಹೆಚ್ಚುವರಿ ಸರಕಾಗಿ ಕಟ್ಟುಕಟ್ಟಾಗಿ ಅಮೆರಿಕಕ್ಕೆ ಬಂದವು. ನಳಿಗೆಯ ಮೇಲೆ ಆಮದು ಮಾಡಿದವನ ಹೆಸರು ಸಣ್ಣ ಅಕ್ಷರದಲ್ಲಿ ಕೊರೆದಿರುತ್ತದೆ, ಕಾನೂನಿಗಾಗಿ. ಸಂಗ್ರಹಕಾರರಿಗೆ ಆ ಕೊರೆತವೂ ಒಂದು ಗಾಯವೇ.

ಮೇಜಿನವ ಬೆಲೆ ಹೇಳಿದ. ಭಾವ ಉತ್ತರ ಕೊಡಲಿಲ್ಲ. ಬೋಲ್ಟಿನ ಮೇಲಿನ ಅಂಕಿ, ಮೈಯ ಮೇಲಿನ ಅಂಕಿ ಒಂದೇ ಹೌದೋ ಅಂತ ಭೂತಗಾಜಿನಲ್ಲಿ ನೋಡಿದರು. ಮುಂದಿನ ಮರದಲ್ಲಿ ಅಡ್ಡಲಾಗಿ ಹಾದುಹೋದ ಒಂದು ತಿರುಪು ಇತ್ತು. ಬ್ರಿಟನ್ನಿನ ಬಂದೂಕುಗಳಲ್ಲಿ ಇದು ಇರುವುದಿಲ್ಲ. ಗುಂಡು ಹಾರಿದಾಗಿನ ಒದೆತಕ್ಕೆ ಮರ ಸೀಳದಿರಲೆಂದು ಇಶಾಪುರದವರು ಹಾಕಿದ್ದು, ಸಂಗ್ರಹಕಾರರ ಬಾಯಲ್ಲಿ ಅದರ ಹೆಸರೇ ಇಶಾಪುರ ಸ್ಕ್ರೂ. “ನೋಡ್ದ್ಯಾ? ಇದು ಅಲ್ಲಿಯವ್ರೇ ಹಾಕಿದ್ದು. ಇದಕ್ಕೆ ಬೆಲೆ. ಇದೇ ತಿರುಪನ್ನ ನಾನು ಮನೇಲಿ ಹಾಕಿದ್ರೆ ಬಂದೂಕು ಹಾಳು ಮಾಡಿದ ಅಂತಾರೆ ಮಾರಾಯ.”

ಈ ಮಾತಿನ ಸುತ್ತಲೇ ಆ ಲೋಕದ ಜಗಳವೆಲ್ಲ ತಿರುಗುತ್ತದೆ.

ಭಾವನ ಗರಾಜಿನಲ್ಲಿ ಕಾರಿಗೆ ಜಾಗವಿಲ್ಲ. ಗೋಡೆಗೆ ಉಕ್ಕಿನ ಕಪಾಟು, ಬೀಗ, ಕೆಳಗೆ ಕೆಲಸದ ಹಲಗೆ. ಅದರ ಮೇಲೆ ಅಗಸೆ ಎಣ್ಣೆಯ ಸೀಸೆ, ತೆಳುವಾದ ತಿರುಪುಳಿಗಳ ಸಾಲು, ಹಳೆ ಪಂಚೆಯಿಂದ ಹರಿದ ಚಿಂದಿ. ಇಶಾಪುರದ್ದನ್ನು ಮನೆಗೆ ತಂದ ಮೇಲೆ ಮೊದಲು ನಡೆದದ್ದು ಮರ ಬಿಡಿಸುವ ಕೆಲಸ. ಕಬ್ಬಿಣಕ್ಕೂ ಮರಕ್ಕೂ ನಡುವೆ ಕಾರ್ಖಾನೆ ತುಂಬಿದ ಗ್ರೀಸು ಗಟ್ಟಿಯಾಗಿ ಕಂದು ಮೇಣದಂತಾಗಿತ್ತು. ಅದನ್ನು ಬಿಸಿಲಿಗಿಟ್ಟು ಕರಗಿಸಿ, ಒರೆಸಿ, ಮತ್ತೆ ಬಿಸಿಲಿಗಿಟ್ಟು ಒರೆಸುವುದು ತಾಳ್ಮೆಯ ಕೆಲಸ. ಉಪ್ಪುಕಾಗದ ಮಾತ್ರ ಆ ಹಲಗೆಯ ಹತ್ತಿರ ಬರುವಂತಿಲ್ಲ. ಮರ ಉಜ್ಜಿದರೆ ಅದರ ಮೇಲಿನ ಮುದ್ರೆ ಹೋಗುತ್ತದೆ. ರಿಪೇರಿ ಮಾಡಿದ ಕಾರ್ಖಾನೆಯ ಗುರುತು, ಯಾವುದೋ ಪಡೆಯ ಸಂಖ್ಯೆ, ಎಲ್ಲೋ ಬಿದ್ದಾಗ ಆದ ನೆಗ್ಗು ಎಲ್ಲ ಅಳಿಸಿ ಹೊಸ ಕುರ್ಚಿಯ ಕಾಲಿನಂಥ ಮರ ಉಳಿಯುತ್ತದೆ. ಎಣ್ಣೆಯನ್ನು ಅಂಗೈಯಲ್ಲೇ ಬಿಸಿಯಾಗುವವರೆಗೆ ತಿಕ್ಕಿ ಮರಕ್ಕೆ ಕುಡಿಸುತ್ತಾರೆ. ಮರುದಿನ ಒರೆಸಿ ಮತ್ತೆ ಕುಡಿಸುತ್ತಾರೆ. ಬೋಲ್ಟ್ ಮುಚ್ಚಿದಾಗ ತೋಟೆಯ ಹಿಂದೆ ಎಷ್ಟು ಸಂದು ಉಳಿಯುತ್ತದೆಂದು ಅಳೆಯಲು ಉಕ್ಕಿನ ಸಣ್ಣ ಗೇಜುಗಳಿವೆ. ಅದನ್ನು ನೋಡದೆ ಹಳೆ ಬಂದೂಕಿಗೆ ತೋಟೆ ತುಂಬುವವನನ್ನು ಭಾವ ಮೂರ್ಖ ಎನ್ನುವುದಿಲ್ಲ, ಅದಕ್ಕಿಂತ ಮಲೆನಾಡಿನ ಮಾತೊಂದಿದೆ.

ಅದೇ ಹಲಗೆಯ ಇನ್ನೊಂದು ತುದಿಯಲ್ಲಿ ಇನ್ನೊಂದು ಲೀ ಎನ್‌ಫೀಲ್ಡ್ ಮಲಗಿತ್ತು. ಮೊದಲ ಮಹಾಯುದ್ಧದ ಕಾಲದ ಮಾರ್ಕ್ 3, ಆದರೆ ಮೂತಿಯ ಮುಸುಕಿಲ್ಲ. ಮುಂದಿನ ಮರವನ್ನು ಯಾರೋ ಅರ್ಧಕ್ಕೆ ಗರಗಸ ಹಾಕಿ, ತುದಿ ದುಂಡು ಮಾಡಿ, ವಾರ್ನಿಶ್ ಬಳಿದಿದ್ದಾರೆ. ನೆತ್ತಿಯ ಉಕ್ಕಿಗೆ ಬೈರಿಗೆ ಇಟ್ಟು ದುರ್ಬೀನು ಕೂರಿಸಲು ತೂತು ಹಾಕಿದ್ದಾರೆ, ಒಂದು ತೂತು ಸೊಟ್ಟ. ಎರಡನೇ ಮಹಾಯುದ್ಧ ಮುಗಿದ ಮೇಲೆ 50, 60ರ ದಶಕಗಳಲ್ಲಿ ಇಂಥ ಬಂದೂಕು ಅಮೆರಿಕದಲ್ಲಿ ಅಂಚೆಯಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. 1968ರ ಕಾನೂನು ಬಂದು ಆ ಅಂಚೆ ವ್ಯಾಪಾರ ನಿಂತಿತು. ಅಷ್ಟರಲ್ಲಿ ಸಾವಿರಾರು ಸೈನ್ಯದ ಬಂದೂಕುಗಳು ಜಿಂಕೆ ಬೇಟೆಯ ಬಂದೂಕುಗಳಾಗಿದ್ದವು. ಹೀಗೆ ಕೆಡಿಸಿದವನಿಗೆ ಅಲ್ಲಿನವರು ಬಬ್ಬ ಅಂತ ಹೆಸರಿಟ್ಟಿದ್ದಾರೆ, ಹಳ್ಳಿಗಾಡಿನ ದಡ್ಡ ಅನ್ನುವ ಅರ್ಥದಲ್ಲಿ. ನನಗೆ ಆ ಬೈಗುಳ ಅಷ್ಟು ರುಚಿಸುವುದಿಲ್ಲ. ಕೆಲವು ಡಾಲರಿಗೆ ಬಂದೂಕು ಕೊಂಡ ಆ ರೈತನಿಗೆ ಅದು ಚರಿತ್ರೆಯಾಗಿರಲಿಲ್ಲ, ನಾಲ್ಕು ಕಿಲೋ ಭಾರದ ಕತ್ತಿಗುದ್ದಲಿಯಾಗಿತ್ತು. ಬೆಟ್ಟ ಹತ್ತುವಾಗ ಅರ್ಧ ಕಿಲೋ ಮರ ಇಳಿಸಿದರೆ ಆರಾಮ, ಹಾಗಾಗಿ ಇಳಿಸಿದ.

ಅಷ್ಟಕ್ಕೂ ಸೈನ್ಯ ತಾನು ಬೈರಿಗೆ ಹಿಡಿಯಲಿಲ್ಲವೇ? 1907ರ ಮಾರ್ಕ್ 3ರ ಎಡಮಗ್ಗುಲಲ್ಲಿ ದೂರದ ಗುರಿಗೆಂದು ಒಂದು ತಿರುಗುವ ಸೈಟು ಇತ್ತು, ಮ್ಯಾಗಜಿನ್ ಮುಚ್ಚಲು ತಗಡಿತ್ತು. ಕಂದಕದಲ್ಲಿ ಇವು ಯಾರಿಗೂ ಬೇಡವಾದವು. ಕಾರ್ಖಾನೆಗೂ ಬೇಗ ಬೇಗ ಬಂದೂಕು ಬೇಕಿತ್ತು. ಎರಡನ್ನೂ ಬಿಟ್ಟು ನಕ್ಷತ್ರದ ಗುರುತಿನ ಮಾರ್ಕ್ 3 ಮಾಡಿದರು. ಸೈನ್ಯ ಬೇಡವೆಂದ ಆ ಸೈಟಿನ ತುಂಡುಗಳಿಗಾಗಿ ಇಂದು ಸಂಗ್ರಹಕಾರರು ಚಿನ್ನದಂಗಡಿಯಲ್ಲಿ ಚೌಕಾಸಿ ಮಾಡುವವರ ಮುಖ ಹೊತ್ತು ಓಡಾಡುತ್ತಾರೆ. ಎರಡನೇ ಯುದ್ಧದಲ್ಲಿ ಚೆನ್ನಾಗಿ ಗುರಿ ಹೊಡೆಯುವ, ಲೀ ಎನ್‌ಫೀಲ್ಡ್‌ನದೇ ನಂಬರ್ 4 ನಮೂನೆಯ ಬಂದೂಕುಗಳನ್ನು ಆರಿಸಿ ಹಾಲೆಂಡ್ ಅಂಡ್ ಹಾಲೆಂಡ್ ಎಂಬ ಹೆಸರಾಂತ ಬಂದೂಕುಗಾರರಿಗೆ ಕಳಿಸಿದರು. ಅವರೂ ಉಕ್ಕಿಗೆ ತೂತು ಕೊರೆದೇ ದುರ್ಬೀನು ಕೂರಿಸಿದ್ದು. ಅಂಥ ಸ್ನೈಪರ್ ಬಂದೂಕು ಇವತ್ತು ಸಂಗ್ರಹಕಾರರ ಕನಸು, ಹಾಗೆಂದೇ ಅದರ ನಕಲಿಗಳೂ ಬೇಕಾದಷ್ಟು. ಮುಂದೆ 1970ರ ಸುಮಾರಿಗೆ ಅವುಗಳಲ್ಲೇ ಕೆಲವಕ್ಕೆ .303 ನಳಿಗೆ ಕಿತ್ತು 7.62 ನಳಿಗೆ ಹಾಕಿ ಎಲ್42ಎ1 ಎಂದು ಕರೆದರು. 1982ರ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೂ ಅದು ಹೋಯಿತು. ಭಾರತದಲ್ಲಿ ಗ್ರೆನೇಡ್ ಎಸೆಯಲು ಇಟ್ಟ ಬಂದೂಕುಗಳ ಮುಂದಿನ ಮರಕ್ಕೆ ತಂತಿ ಸುತ್ತಿ ಬೆಸೆದರು. ಆ ತಂತಿಯ ಸುತ್ತು ಕಂಡರೆ ಅಮೆರಿಕದ ಸಂತೆಯಲ್ಲಿ ಬೆಲೆ ಇಳಿಯುವುದಿಲ್ಲ, ಏರುತ್ತದೆ.

ಹಾಗಾದರೆ ಸರ್ಕಾರದ ಬೈರಿಗೆ ಚರಿತ್ರೆ, ಮನೆಯವನ ಬೈರಿಗೆ ಅಪಚಾರ. ಈ ನ್ಯಾಯ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಗರಾಜಿನಲ್ಲಿ ನಿಂತಾಗ ಭಾವನ ಪಕ್ಷವೇ ಸರಿ ಅನ್ನಿಸಿತು. ಕಾರಣ ಭಕ್ತಿಯಲ್ಲ, ಸಂಖ್ಯೆ. ಸೈನ್ಯ ಕೊರೆಯುವಾಗ ಅದರ ಬಳಿ ಲಕ್ಷಗಟ್ಟಲೆ ಇದ್ದವು. ಈಗ ಸೈನ್ಯಕ್ಕೆಂದು ಯಾರೂ ಇವನ್ನು ಹೊಸದಾಗಿ ಮಾಡುತ್ತಿಲ್ಲ. ಇನ್ನೊಂದು ತೂತು ಬಿದ್ದರೆ ತೂತಿಲ್ಲದ್ದು ಒಂದು ಕಡಿಮೆಯಾಯಿತು, ಅಷ್ಟೇ ಲೆಕ್ಕ.

ಗರಗಸ ಬಿದ್ದ ಆ ಮಾರ್ಕ್ 3ಕ್ಕೆ ಭಾವ ಉದ್ದನೆಯ ಮುಂದಿನ ಮರ ಹುಡುಕುತ್ತಿದ್ದಾರೆ. ಮರ ಸಿಕ್ಕರೆ ಮುಸುಕು ಬೇಕು, ಮುಸುಕು ಸಿಕ್ಕರೆ ಅದರ ತಿರುಪು, ಸ್ಪ್ರಿಂಗು. ಬಿಡಿಭಾಗದ ಖರ್ಚು ಬಂದೂಕಿನ ಬೆಲೆಯನ್ನು ದಾಟಿ ಎಷ್ಟೋ ದೂರ ಹೋಗಿದೆ. “ಮಗಳ ಕಾಲೇಜ್ ಫೀಸಿಗೆ ಹೀಗೆ ಹುಡುಕಿ ಹುಡುಕಿ ಖರ್ಚು ಮಾಡ್ಲಿಲ್ಲ ಇವ್ರು” ಅಂತ ಅಕ್ಕ ಕಾಫಿ ಲೋಟ ಇಟ್ಟು ಹೋದಳು.

ಊರಿನಲ್ಲಿದ್ದರೆ ಈ ಹವ್ಯಾಸವೇ ಇರುತ್ತಿರಲಿಲ್ಲ. ಭಾರತದಲ್ಲಿ .303 ಪೊಲೀಸು, ಸೈನ್ಯದ ತೋಟೆ, ಸಾಮಾನ್ಯನಿಗೆ ಅದು ಸಿಗುವಂಥದ್ದಲ್ಲ. ಅವನಿಗೆಂದು ಇಶಾಪುರದವರೇ .315 ಬೋರಿನ ರೈಫಲ್ ಮಾಡಿದರು, ಬೋಲ್ಟು ಅದೇ ಲೀಯದು. ಲೈಸೆನ್ಸ್ ಇದ್ದವರಿಗೂ 2019ರ ತಿದ್ದುಪಡಿಯ ನಂತರ ಎರಡಕ್ಕಿಂತ ಹೆಚ್ಚು ಬಂದೂಕು ಇಡುವಂತಿಲ್ಲ. ಚುನಾವಣೆ ಬಂತೆಂದರೆ ಮಲೆನಾಡಿನ ರೈತ ಬೆಳೆ ಕಾಯುವ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಚೀಟಿ ಪಡೆದು ಬರಬೇಕು. ಆ ದಿನಗಳಲ್ಲೇ ಹಂದಿಗಳಿಗೂ ಸುದ್ದಿ ಮುಟ್ಟಿರುತ್ತದೆ. ಕೊಡಗಿನ ಮಾತು ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, ಸದ್ಯ 2029ರವರೆಗೆ ವಿಸ್ತರಣೆಯಾಗಿದೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ಬಾಯಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಅಲ್ಲಿ ಹಳೆ ಕೋವಿ ಅಂದರೆ ಮನೆತನದ ಸೊತ್ತು, ಸಂಗ್ರಹವಲ್ಲ. ಪೊಲೀಸರ .303 ಮಾತ್ರ ಒಂದೊಂದೇ ರಾಜ್ಯದಲ್ಲಿ ಕೆಳಗಿಳಿಯುತ್ತಿದೆ. ಉತ್ತರಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ ಅದಕ್ಕೆ ಬೀಳ್ಕೊಡುಗೆಯನ್ನೇ ಕೊಟ್ಟರು. ಕೆನಡಾದ ಉತ್ತರದ ಹಿಮದಲ್ಲಿ ಗಸ್ತು ತಿರುಗುವ ರೇಂಜರ್‌ಗಳು 1947ರಿಂದ ಹೊತ್ತು ನಡೆದ ಲೀ ಎನ್‌ಫೀಲ್ಡ್‌ಗಳನ್ನು ಬದಲಿಸಿದ್ದೂ ಮೊನ್ನೆ ಮೊನ್ನೆ. ಕೊರೆಯುವ ಚಳಿಯಲ್ಲೂ ಬೋಲ್ಟು ಕಚ್ಚುವುದಿಲ್ಲ, ಕರಡಿ ಎದುರಾದರೆ ಅದೇ ಬೇಕು.

ಗುಂಡು ಹೊಡೆಯುವ ಮೈದಾನದಲ್ಲಿ ಇಶಾಪುರದ್ದು ಮಾತಾಡಿದ ರೀತಿ ಹೇಳಲೇಬೇಕು. ಭಾವ ಕಿವಿಗೆ ಮುಚ್ಚಳ ಹಾಕಿ, ಮೇಜಿಗೆ ಮೊಳಕೈ ಊರಿ ಕೂತರು. ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಮರದ ಹಿಂದಿನ ಲೋಹದ ತಗಡು ಹೆಗಲಿಗೆ ಗುದ್ದಿದ್ದು ಅವರ ಮುಖದಲ್ಲಿ ಕಂಡಿತು. ಲೀ ಬೋಲ್ಟಿನ ಸೊಗಸು ಆಮೇಲೆ. ಕೈ ಮೇಲೆತ್ತಿ, ಹಿಂದಕ್ಕೆ, ಮುಂದಕ್ಕೆ, ಕೆಳಕ್ಕೆ. ಕೆನ್ನೆ ಮರ ಬಿಡುವುದಿಲ್ಲ, ಕಣ್ಣು ಗುರಿ ಬಿಡುವುದಿಲ್ಲ, ಖಾಲಿ ತೋಟೆ ಹೊಳೆಯುತ್ತ ಬಲಕ್ಕೆ ಹಾರುತ್ತದೆ. ಮೊದಲ ಯುದ್ಧಕ್ಕೆ ಮುಂಚಿನ ಬ್ರಿಟಿಷ್ ಸೈನಿಕರಿಗೆ 300 ಗಜದಲ್ಲಿ ನಿಮಿಷಕ್ಕೆ 15 ಗುಂಡು ಗುರಿಯಿಟ್ಟು ಹೊಡೆಯುವ ಪರೀಕ್ಷೆ ಇತ್ತು. ಭಾವನದು ಅಷ್ಟು ಅವಸರವಲ್ಲ. ಕಾಗದ ತಂದು ನೋಡಿದರೆ ತೂತುಗಳು ಕಾಗದದ ತುಂಬ ಚೆಲ್ಲಿದ್ದವು. ಬಂದೂಕಿನ ತಪ್ಪಲ್ಲ. ಅರವತ್ತು ದಾಟಿದ ಕಣ್ಣಿಗೆ ಹಿಂದಿನ ಸೈಟು, ಮುಂದಿನ ಮೊನೆ, ಗುರಿ ಮೂರೂ ಒಟ್ಟಿಗೆ ಸ್ಪಷ್ಟವಾಗುವುದಿಲ್ಲ.

ಪಕ್ಕದ ಮೇಜಿನ ಹುಡುಗ ಸಲಹೆ ಕೊಟ್ಟ. ಮರ ತೆಗೆದು ಪ್ಲಾಸ್ಟಿಕ್ ಹಾಕಿ, ನೆತ್ತಿಗೆ ನಾಲ್ಕು ತೂತು ಹಾಕಿ ದುರ್ಬೀನು ಕೂರಿಸಿ, ನಳಿಗೆ ಸ್ವಲ್ಪ ಕುಗ್ಗಿಸಿ. ಭಾವ ನಗುತ್ತ ಎಲ್ಲದಕ್ಕೂ ತಲೆಯಾಡಿಸಿದರು.

ಕೊನೆಗೆ ಅವರು ತರಿಸಿದ್ದು ಬೈರಿಗೆಯೇ ಬೇಡದ ಒಂದು ಹಿಡಿಕೆ. ಹಿಂದಿನ ಸೈಟಿನ ಎಲೆಯನ್ನು ಬಿಚ್ಚಿ, ಅದೇ ಜಾಗದಲ್ಲಿ, ಅದೇ ಕೀಲಿಗೆ ಕೂರುವ ಉಕ್ಕಿನ ಪಟ್ಟಿ. ಅದರ ಮೇಲೆ ಸಣ್ಣ ದುರ್ಬೀನು, ಕಣ್ಣಿನಿಂದ ಒಂದು ಗೇಣಿಗೂ ಆಚೆ. ನೋಡಲು ಚೆಂದವೇನಲ್ಲ, ಅಜ್ಜನಿಗೆ ಕೂಲಿಂಗ್ ಗ್ಲಾಸ್ ಹಾಕಿದ ಹಾಗಿದೆ. ಸಂಗ್ರಹಕಾರ ಗೆಳೆಯರು ಮೂಗು ಮುರಿದರು. ಮುಂದಿನ ಸಲ ಕಾಗದದ ಮೇಲಿನ ತೂತುಗಳನ್ನು ಒಂದು ಅಂಗೈಯಲ್ಲಿ ಮುಚ್ಚಬಹುದಾಗಿತ್ತು. ಬಿಚ್ಚಿದ ಎಲೆ, ಸ್ಪ್ರಿಂಗು, ಸಣ್ಣ ತಿರುಪುಗಳನ್ನು ಎಣ್ಣೆ ಸವರಿ ಪೊಟ್ಟಣ ಕಟ್ಟಿ, ಮೇಲೆ ಬಂದೂಕಿನ ಸಂಖ್ಯೆ ಬರೆದು ಕಪಾಟಿನ ಕೆಳಗಿನ ಖಾನೆಯಲ್ಲಿಟ್ಟಿದ್ದಾರೆ: “ಇದರದೇ ಸೈಟ್, ಕಳೆಯಬೇಡಿ.” ಮಗಳಿಗೆ ಕನ್ನಡ ಓದಲು ಬಾರದು, ಅದಕ್ಕೇ ಕೆಳಗೆ ಇಂಗ್ಲಿಷಿನಲ್ಲೂ ಬರೆದಿದ್ದಾರೆ.