ಡಿಸೈನ್ ಕಲಿಯಬೇಕೆ? ಮೊದಲು ಸ್ಕ್ರೀನ್ ಮುಂದಿನಿಂದ ಎದ್ದೇಳಿ

ಎಟಿಎಂ, ಮೆಟ್ರೋ ನಿಲ್ದಾಣದ ಟಿಕೆಟ್ ಯಂತ್ರ, ಆಸ್ಪತ್ರೆಯ ಟೋಕನ್ ಪರದೆ, ಕೈಯಲ್ಲಿರುವ ಫೋನು. ಇವುಗಳ ಜೊತೆ ನಾವು ಹೇಗೆ ವ್ಯವಹರಿಸುತ್ತೇವೆ ಎಂಬುದನ್ನು ರೂಪಿಸುವ ಕೆಲಸವೇ ಇಂಟರಾಕ್ಷನ್ ಡಿಸೈನ್. ಎಂಜಿನಿಯರಿಂಗ್ ಓದಿದವರು, ಕಲಾ ಶಾಲೆಯಿಂದ ಬಂದವರು, ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಹೀಗೆ ಅನೇಕರು ಈ ಕಡೆ ಮುಖ ಮಾಡುತ್ತಿದ್ದಾರೆ. ಬಹುತೇಕರು ಶುರು ಮಾಡುವುದು ಯಾವುದಾದರೊಂದು ಸಾಫ್ಟ್‌ವೇರ್ ಕಲಿಯುವುದರಿಂದ. ಸಾಫ್ಟ್‌ವೇರ್ ಬೇಕು, ನಿಜ. ಆದರೆ ಈ ವಿದ್ಯೆ ಕೈಗೆ ಹತ್ತುವುದು ಜನ ದುಡಿಯುವ, ಕಾಯುವ, ಅವಸರಪಡುವ ಜಾಗಗಳಲ್ಲಿ. ಕಲಿಯುವವರ ದಾರಿ ತಪ್ಪಿಸುವ ಆರು ನಂಬಿಕೆಗಳನ್ನು ಇಲ್ಲಿ ಪರಿಶೀಲಿಸೋಣ.

ತಪ್ಪು ಕಲ್ಪನೆ 1: ಇದು ಅಂದಗೊಳಿಸುವ ವಿದ್ಯೆ, ಚಿತ್ರ ಬಿಡಿಸಲು ಬರುವವರಿಗೆ ಮಾತ್ರ

ಸತ್ಯ: ಬ್ರಿಟಿಷ್ ಡಿಸೈನರ್ ಬಿಲ್ ಮಾಗ್ರಿಜ್ ಅವರು ಗ್ರಿಡ್ ಕಂಪಾಸ್ ಎಂಬ ಮಡಚುವ ಲ್ಯಾಪ್‌ಟಾಪ್‌ಗೆ ರೂಪ ಕೊಟ್ಟರು. 1982ರಲ್ಲಿ ಅದು ಮಾರುಕಟ್ಟೆಗೆ ಬಂತು. ಅದರ ಹೊರಮೈಯ ಬಗ್ಗೆ ಅವರಿಗೆ ಹೆಮ್ಮೆಯಿತ್ತು. ಬಳಸಲು ಕುಳಿತಾಗ ಮಾತ್ರ ಆ ಪೆಟ್ಟಿಗೆ ಮರೆತೇ ಹೋಗಿ, ಗಮನವೆಲ್ಲ ಪರದೆಯೊಳಗಿನ ಕೊಡುಕೊಳೆಯ ಮೇಲೆ ನೆಟ್ಟಿತು. ಅದನ್ನೂ ಡಿಸೈನ್ ಮಾಡಬೇಕು ಎಂದು ಹೊಳೆದದ್ದು ಆಗ. ಮುಂದೆ ಬಿಲ್ ವರ್‌ಪ್ಲಾಂಕ್ ಜೊತೆಗೂಡಿ ಅವರು ಈ ಕೆಲಸಕ್ಕೆ ಇಂಟರಾಕ್ಷನ್ ಡಿಸೈನ್ ಎಂದು ಹೆಸರಿಟ್ಟರು.

ನಿಮ್ಮ ಫೋನಿನಲ್ಲಿ 1, 2, 3 ಮೇಲಿನ ಸಾಲಿನಲ್ಲಿವೆ, ಕ್ಯಾಲ್ಕುಲೇಟರಿನಲ್ಲಿ 7, 8, 9. ಫೋನಿನ ಈ ಜೋಡಣೆಯ ಹಿಂದೆ ಅಮೆರಿಕದ ಬೆಲ್ ಲ್ಯಾಬ್ಸ್‌ನ ಮನಶ್ಶಾಸ್ತ್ರಜ್ಞ ಜಾನ್ ಕಾರ್ಲಿನ್ ಅವರ ತಂಡದ ಪ್ರಯೋಗಗಳಿವೆ. ಗುಂಡಗಿನದು, ಎರಡು ಅಡ್ಡಸಾಲಿನದು, ಎರಡು ಉದ್ದಸಾಲಿನದು ಹೀಗೆ ಹಲವು ಬಗೆಯ ಜೋಡಣೆಗಳನ್ನು ಜನರ ಕೈಗೆ ಕೊಟ್ಟು, ಅವರ ವೇಗ, ಅವರು ಮಾಡುವ ತಪ್ಪು, ಅವರ ಇಷ್ಟ ಮೂರನ್ನೂ ಅಳೆದರು. 1963ರ ನವೆಂಬರಿನಲ್ಲಿ ಗುಂಡಿ ಒತ್ತುವ ಫೋನು ಗ್ರಾಹಕರಿಗೆ ಸಿಕ್ಕಿತು. ಅಲ್ಲಿ ಗೆದ್ದದ್ದು ಚಿತ್ರಕಲೆಗಿಂತ ಹೆಚ್ಚಾಗಿ ತಾಳ್ಮೆಯಿಂದ ನೋಡುವ ಕಣ್ಣು.

ತಪ್ಪು ಕಲ್ಪನೆ 2: ಏನು ಬೇಕೆಂದು ಜನರನ್ನೇ ಕೇಳಿದರಾಯಿತು

ಸತ್ಯ: ಕೇಳಬೇಕು, ಆದರೆ ನೋಡಿದ ಮೇಲೆ. ದಿನವೂ ಮಾಡುವ ಕೆಲಸ ಕೈಗೆ ಎಷ್ಟು ರೂಢಿಯಾಗಿರುತ್ತದೆಂದರೆ, ಅದರ ತೊಡಕುಗಳು ಬಾಯಿಗೆ ಬರುವುದೇ ಇಲ್ಲ. ಸೊಪ್ಪು ಮಾರುವ ಹೆಂಗಸನ್ನು ‘ಆನ್‌ಲೈನ್ ದುಡ್ಡಿಂದ ಏನಾದರೂ ತೊಂದರೆ ಇದೆಯಾ’ ಎಂದು ಕೇಳಿ ನೋಡಿ. ‘ಏನೂ ಇಲ್ಲ, ಚೆನ್ನಾಗಿದೆ’ ಅನ್ನುತ್ತಾರೆ. ಸಂಜೆಯ ವ್ಯಾಪಾರದ ಹೊತ್ತಿನಲ್ಲಿ ಗಾಡಿಯ ಪಕ್ಕ ಒಂದು ಗಂಟೆ ನಿಂತರೆ ಬೇರೆಯೇ ಸಂಗತಿಗಳು ಕಾಣುತ್ತವೆ. ಎರಡೂ ಕೈ ಒದ್ದೆ, ಫೋನು ಗೋಣಿಚೀಲದ ಅಡಿಯಲ್ಲಿ. ಅವರು ನೆಚ್ಚಿಕೊಂಡಿರುವುದು ದುಡ್ಡು ಬಂದಿದೆ ಎಂದು ಕೂಗುವ ಪುಟ್ಟ ಡಬ್ಬಿಯನ್ನು. ಬಸ್ಸು ಹಾರ್ನ್ ಹೊಡೆದಾಗ ಆ ದನಿ ಕೇಳಿಸದೆ, ಗಿರಾಕಿಯ ಫೋನಿನತ್ತ ಕತ್ತು ಚಾಚುತ್ತಾರೆ. ಇಬ್ಬರು ಒಟ್ಟಿಗೆ ಇಪ್ಪತ್ತಿಪ್ಪತ್ತು ರೂಪಾಯಿ ಕಳಿಸಿ, ಡಬ್ಬಿ ಒಂದೇ ಸಲ ಕೂಗಿದರೆ, ಯಾರದು ಬಂತು, ಯಾರದು ಬಾಕಿ? ಇಂಥ ಪ್ರಶ್ನೆ ಯಾವ ಸಮೀಕ್ಷೆಯ ಫಾರಂನಲ್ಲೂ ಇರುವುದಿಲ್ಲ. ಕೆಲಸ ನಡೆಯುವ ಜಾಗದಲ್ಲೇ ಅದು ಹುಟ್ಟುತ್ತದೆ.

ತಪ್ಪು ಕಲ್ಪನೆ 3: ಯಂತ್ರ ಬಳಸಲು ಬರದಿದ್ದರೆ ಅದು ಬಳಸುವವರ ದಡ್ಡತನ

ಸತ್ಯ: ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್ 1980ರ ದಶಕದಲ್ಲಿ ಜೆರಾಕ್ಸ್ ಯಂತ್ರದ ಮುಂದೆ ಇಬ್ಬಿಬ್ಬರನ್ನು ನಿಲ್ಲಿಸಿ ವಿಡಿಯೊ ಮಾಡಿದರು. ಇಬ್ಬರೇಕೆಂದರೆ, ಜೊತೆಗೊಬ್ಬರಿದ್ದರೆ ಮನಸ್ಸಿನಲ್ಲಿರುವುದು ಮಾತಾಗಿ ಹೊರಬರುತ್ತದೆ. ‘ಈಗ ಇದು ಏನು ಹೇಳ್ತಿದೆ?’, ‘ನಾವು ಒತ್ತಿದ್ದು ಸರಿ ಇತ್ತಲ್ಲ?’ ಎಂಬಂಥ ಮಾತುಗಳಲ್ಲೇ ಯಂತ್ರ ಎಲ್ಲಿ ಕೈಕೊಟ್ಟಿತು ಎಂಬುದು ತಿಳಿಯುತ್ತದೆ. ಹಾಗೆ ಪ್ರತಿ ತೆಗೆಯಲು ಪರದಾಡಿದವರಲ್ಲಿ ಒಬ್ಬರು ಅಲೆನ್ ನ್ಯೂವೆಲ್, ಕೃತಕ ಬುದ್ಧಿಮತ್ತೆಯ ಶಾಸ್ತ್ರ ಕಟ್ಟಿದವರಲ್ಲಿ ಅಗ್ರಗಣ್ಯರು. ಅಂಥವರೇ ಸೋತ ಯಂತ್ರದ ಮುಂದೆ ಗುಮಾಸ್ತನನ್ನು ದಡ್ಡ ಎನ್ನುವುದು ಅನ್ಯಾಯ. ಜನ ಯಂತ್ರದ ಯೋಜನೆಯಂತೆ ನಡೆಯುವುದಿಲ್ಲ, ಆ ಕ್ಷಣದಲ್ಲಿ ಕಣ್ಣಿಗೆ ಕಂಡದ್ದನ್ನು ನೋಡಿ ಮುಂದಿನ ಹೆಜ್ಜೆ ಇಡುತ್ತಾರೆ ಎಂದು ಸಚ್‌ಮನ್ 1987ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಕಲಿಯುವವರು ಇದನ್ನೊಂದು ನಿಯಮದಂತೆ ಇಟ್ಟುಕೊಳ್ಳಬೇಕು: ಮೂವರು ಒಂದೇ ಜಾಗದಲ್ಲಿ ಎಡವಿದರೆ ರಿಪೇರಿ ಆಗಬೇಕಾದದ್ದು ಆ ಜಾಗ.

ತಪ್ಪು ಕಲ್ಪನೆ 4: ಓದು ಬರಹ ಬಾರದವರಿಗೆ ಅಕ್ಷರದ ಬದಲು ಚಿತ್ರ ಹಾಕಿದರೆ ಸಾಕು

ಸತ್ಯ: ಚಿತ್ರವೊಂದೇ ಸಾಲದು. ಅದನ್ನು ಕಲಿಸಿದ ಪಾಠ ನಮ್ಮ ಬೆಂಗಳೂರಿನದೇ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಇಂದ್ರಾಣಿ ಮೇಧಿ ಮತ್ತು ಅವರ ಸಂಗಡಿಗರು ನಗರದ ಕೊಳೆಗೇರಿಗಳಲ್ಲಿ, ಮನೆಗೆಲಸ ಮಾಡುವ ಮಹಿಳೆಯರ ನಡುವೆ ಕೆಲಸ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಗೆಲಸ ಎಲ್ಲಿ ಖಾಲಿ ಇದೆ, ಏನೇನು ಮಾಡಬೇಕು, ಸಂಬಳ ಎಷ್ಟು ಎಂಬುದನ್ನು ಅಕ್ಷರವಿಲ್ಲದೆ ತಿಳಿಸುವ ಕಂಪ್ಯೂಟರ್ ವ್ಯವಸ್ಥೆ ಅವರ ಗುರಿ.

ಮೊದಲ ತೊಡಕು ಪಾತ್ರೆ ತೊಳೆಯುವಂಥ ಕೆಲಸದ ಚಿತ್ರದಲ್ಲಿ ಎದುರಾಯಿತು. ಅಲ್ಲಾಡದ ವಸ್ತುಗಳಷ್ಟೇ ಇದ್ದಾಗ ಮಹಿಳೆಯರಿಗೆ ಅದು ‘ಅಡುಗೆಮನೆ’, ಅಂದರೆ ಒಂದು ಜಾಗ. ನಲ್ಲಿಯಿಂದ ನೀರು ಸುರಿಯುವುದನ್ನು ಬಿಡಿಸಿದಾಗ ಅದು ‘ಕೆಲಸ’ ಆಯಿತು. ಫೋಟೊಗಿಂತ ಕೈಯಲ್ಲಿ ಬರೆದ ಸರಳ ಚಿತ್ರಗಳೇ ಅವರಿಗೆ ಸಲೀಸಾದವು. ಅಂಕಿಗಳನ್ನು ಮಾತ್ರ ಹಾಗೇ ಉಳಿಸಿಕೊಂಡರು, ಏಕೆಂದರೆ ಅಕ್ಷರ ಬಾರದಿದ್ದರೂ ಈ ಮಹಿಳೆಯರು ಅಂಕಿಗಳನ್ನು ಗುರುತಿಸುತ್ತಿದ್ದರು. ಚಿತ್ರದ ಜೊತೆಗೆ ಅವರದೇ ಭಾಷೆಯ ದನಿ, ಎಲ್ಲ ಪರದೆಗಳಲ್ಲೂ ಸಹಾಯದ ಗುಂಡಿ ಬಂತು.

ಇಷ್ಟಾದರೂ ಒಂದು ಗೋಡೆ ಉಳಿಯಿತು. ಈ ಪೆಟ್ಟಿಗೆಯಿಂದ ತಮಗೇನು ಲಾಭ, ತಮಗೆ ಬೇಕಾದ ಮಾಹಿತಿ ಇದರೊಳಗೆ ಬಂದದ್ದಾದರೂ ಹೇಗೆ ಎಂಬುದು ತಿಳಿಯದೆ ಮಹಿಳೆಯರು ಹಿಂಜರಿದರು. ಅದಕ್ಕೆಂದೇ ತಂಡ ಒಂದು ಕಿರುಚಿತ್ರ ಮಾಡಿತು. ಕೆಲಸದವರು ಬೇಕಾಗಿರುವ ಮನೆಯಿಂದ ಮಾಹಿತಿ ಕಂಪ್ಯೂಟರಿಗೆ ಬರುವುದು, ಕೆಲಸ ಹುಡುಕುವವರು ಅದನ್ನು ಪಡೆಯುವುದು, ಇಡೀ ಕಥೆಯನ್ನು ಅದು ತೋರಿಸಿತು. ಅದನ್ನು ನೋಡಿದ ಮೇಲೆ ಬಳಕೆ ಗಮನಾರ್ಹವಾಗಿ ಸುಧಾರಿಸಿತು. ಕಚೇರಿಯಲ್ಲಿ ಕೂತು ಎಷ್ಟು ಐಕಾನ್ ತಿದ್ದಿದ್ದರೂ ಈ ಉತ್ತರ ಹೊಳೆಯುತ್ತಿರಲಿಲ್ಲ.

ತಪ್ಪು ಕಲ್ಪನೆ 5: ಪ್ರೊಟೊಟೈಪ್ ಅಸಲಿ ವಸ್ತುವಿನಂತೆಯೇ ಇರಬೇಕು, ಕೋಡಿಂಗ್ ಬಾರದಿದ್ದರೆ ಆಗದು

ಸತ್ಯ: ಪ್ರೊಟೊಟೈಪ್, ಅಂದರೆ ಪ್ರಾಯೋಗಿಕ ಮಾದರಿ, ಕೈಯಲ್ಲಿ ಹಿಡಿಯಬಹುದಾದ ಪ್ರಶ್ನೆ. 1996ರಲ್ಲಿ ಬಂದ ಪಾಮ್ ಪೈಲಟ್ ಎಂಬ ಕಿಸೆಗಂಪ್ಯೂಟರಿನ ಜನಕ ಜೆಫ್ ಹಾಕಿನ್ಸ್ ಅಂಗಿಯ ಜೇಬಿಗೆ ಹಿಡಿಸುವ ಮರದ ತುಂಡೊಂದನ್ನು ಕತ್ತರಿಸಿ, ಬರೆಯುವ ಕಡ್ಡಿಯಾಗಿ ಚಾಪ್‌ಸ್ಟಿಕ್ ಇಟ್ಟುಕೊಂಡು ಓಡಾಡಿದರು. ಮೀಟಿಂಗ್‌ನಲ್ಲಿ ಯಾರಾದರೂ ದಿನಾಂಕ ಕೇಳಿದರೆ ಅದನ್ನೇ ಹೊರತೆಗೆದು ಕುಟ್ಟುತ್ತಿದ್ದರು. ಇದು ಜೇಬಿನಲ್ಲಿ ಭಾರವೆ? ಯಾವಾಗ ಹೊರತೆಗೆಯಬೇಕೆನಿಸುತ್ತದೆ? ಈ ಪ್ರಶ್ನೆಗಳಿಗೆ ಉತ್ತರಿಸಲು ಮರದ ತುಂಡೇ ಸಾಕಾಯಿತು.

ಐಬಿಎಂ ಸಂಶೋಧಕರು ಮಾತನ್ನು ಕೇಳಿ ಬರಹವಾಗಿಸುವ ಯಂತ್ರವನ್ನು ಅದು ಹುಟ್ಟುವ ಮೊದಲೇ ಪರೀಕ್ಷಿಸಿದ್ದರು. ಜಾನ್ ಗೋಲ್ಡ್ ಮತ್ತು ಸಂಗಡಿಗರು 1983ರಲ್ಲಿ ವರದಿ ಮಾಡಿದ ಆ ಪ್ರಯೋಗದಲ್ಲಿ ಬಳಕೆದಾರ ಮೈಕಿಗೆ ಮಾತಾಡುತ್ತಿದ್ದ, ಮರೆಯಲ್ಲಿ ಕುಳಿತ ಟೈಪಿಸ್ಟ್ ಅದನ್ನು ಟೈಪ್ ಮಾಡುತ್ತಿದ್ದರು, ಅಕ್ಷರ ಪರದೆಯ ಮೇಲೆ ಮೂಡುತ್ತಿತ್ತು. ಇದೇ ಉಪಾಯ ನಿಮಗೂ ಒದಗುತ್ತದೆ. ಹಾಳೆಯ ಮೇಲೆ ಪರದೆ ಬರೆಯಿರಿ. ಎದುರಿನವರು ಬೆರಳಿಟ್ಟ ಕಡೆಗೆ ತಕ್ಕ ಮುಂದಿನ ಹಾಳೆಯನ್ನು ಗೆಳೆಯರೊಬ್ಬರು ಮುಂದಿಡಲಿ. ಒರಟು ಹಾಳೆಗೆ ಇನ್ನೊಂದು ಗುಣವಿದೆ: ಅದನ್ನು ನೋಡಿ ‘ಇದು ಸರಿಯಿಲ್ಲ’ ಎನ್ನಲು ಯಾರಿಗೂ ಸಂಕೋಚವಿಲ್ಲ. ನುಣುಪಾದ ಸ್ಕ್ರೀನ್ ಕಂಡರೆ ಜನ ಹೊಗಳಿ ಸುಮ್ಮನಾಗುತ್ತಾರೆ.

ಎಷ್ಟು ಜನರಿಗೆ ತೋರಿಸಬೇಕು? ದೋಷ ಹುಡುಕಲು ನೂರಾರು ಜನ ಬೇಕಿಲ್ಲ. ಜೇಕಬ್ ನೀಲ್ಸನ್ ಮತ್ತು ಟಾಮ್ ಲಾಂಡೌರ್ 1993ರಲ್ಲಿ ಮುಂದಿಟ್ಟ ಲೆಕ್ಕದಂತೆ ಒಬ್ಬ ಬಳಕೆದಾರನಿಂದ ಸರಾಸರಿ ಶೇಕಡಾ 31 ದೋಷಗಳು ಬಯಲಾಗುತ್ತವೆ, ಐವರಿಂದ ಸುಮಾರು ಶೇಕಡಾ 85. ಹದಿನೈದು ಜನರನ್ನು ಒಮ್ಮೆಲೇ ಕೂರಿಸುವ ಬದಲು ಐವರಂತೆ ಮೂರು ಸುತ್ತು ಮಾಡಿ, ನಡುವೆ ತಿದ್ದಿಕೊಳ್ಳುವುದು ಲೇಸು. ಆದರೆ ಇದು ಒಂದೇ ಬಗೆಯ ಬಳಕೆದಾರರ ಲೆಕ್ಕ. ರೈತರಿಗೂ ಬ್ಯಾಂಕ್ ಸಿಬ್ಬಂದಿಗೂ ಒಂದೇ ಆ್ಯಪ್ ಎಂದರೆ ಎರಡೂ ಗುಂಪಿನವರು ಬೇಕು.

ತಪ್ಪು ಕಲ್ಪನೆ 6: ಒಮ್ಮೆ ಹೋಗಿ ನೋಡಿ ಬಂದರೆ ಕ್ಷೇತ್ರಕಾರ್ಯ ಮುಗಿಯಿತು

ಸತ್ಯ: ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ತಂಡವೊಂದಕ್ಕೆ 2007ರಲ್ಲಿ ಕಡಿಮೆ ಬೆಲೆಯ ಇನ್‌ಕ್ಯುಬೇಟರ್ ರೂಪಿಸುವ ಕೆಲಸ ಸಿಕ್ಕಿತು. ತಂಡದವರು ನೇಪಾಳಕ್ಕೆ ಹೋದಾಗ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಖಾಲಿ ಬಿದ್ದಿದ್ದವು. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳು ದೂರದ ಹಳ್ಳಿಗಳಲ್ಲಿ ಸಾಯುತ್ತಿದ್ದವು. ಪ್ರಶ್ನೆಯೇ ಬದಲಾಯಿತು. ವಿದ್ಯುತ್ ಇಲ್ಲದ ಕಡೆಯೂ ಮಗುವನ್ನು ಬೆಚ್ಚಗಿಡುವ, ಮಲಗುಚೀಲದಂಥ ‘ಎಂಬ್ರೇಸ್’ ಹುಟ್ಟಿತು. ಅದನ್ನು ಬೆಳೆಸಲು ತಂಡ ಬೆಂಗಳೂರಿಗೆ ಬಂದು ನೆಲೆಸಿತು. ಪ್ರೊಟೊಟೈಪ್ ಹಿಡಿದು ಮತ್ತೆ ಹಳ್ಳಿಗೆ ಹೋದಾಗ ಇನ್ನೊಂದು ಸಂಗತಿ ತಿಳಿಯಿತು. ಔಷಧಿಯ ಪ್ರಮಾಣವನ್ನು ಹೆದರಿ ಅರ್ಧಕ್ಕಿಳಿಸುವ ತಾಯಂದಿರು, 37 ಡಿಗ್ರಿ ಎಂಬ ಸೂಚನೆಯನ್ನೂ ಹಾಗೇ ತಗ್ಗಿಸಿಬಿಡಬಹುದು. ಹಾಗಾಗಿ ಅಂಕಿಗಳನ್ನು ತೆಗೆದು, ಬಿಸಿ ಸರಿಯಿದೆಯೋ ಇಲ್ಲವೋ ಎಂದಷ್ಟೇ ಹೇಳುವ ಸೂಚಕ ಇಟ್ಟರು. ಬೆಂಗಳೂರಿನ ಮಹಿಳೆಯರಿಗೆ ನೆರವಾದ ಅಂಕಿಯೇ ಇಲ್ಲಿ ಅಪಾಯವಾಗಬಹುದಿತ್ತು. ಒಂದು ಕಡೆಯ ಉತ್ತರವನ್ನು ಇನ್ನೊಂದು ಕಡೆಗೆ ಹೊತ್ತೊಯ್ಯಲಾಗದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಕಲಿಯಲು ಹೊರಟವರು ಈ ವಾರವೇ ಶುರು ಮಾಡಬಹುದು. ರೇಷನ್ ಅಂಗಡಿ, ಗ್ರಂಥಾಲಯ, ಬಸ್ ನಿಲ್ದಾಣ, ಯಾವುದಾದರೊಂದು ಜಾಗ ಆರಿಸಿಕೊಳ್ಳಿ. ನೀವು ಯಾರು, ಏಕೆ ಬಂದಿದ್ದೀರಿ ಎಂದು ಹೇಳಿ ಒಪ್ಪಿಗೆ ಪಡೆಯಿರಿ. ನೋಡಿದ್ದನ್ನು ಒಂದು ಪುಟದಲ್ಲಿ, ಅದರಿಂದ ನೀವು ಊಹಿಸಿದ್ದನ್ನು ಇನ್ನೊಂದು ಪುಟದಲ್ಲಿ ಬರೆಯಿರಿ. ಎರಡು ಬೆರೆತರೆ ನಿಮ್ಮ ಊಹೆಯೇ ಜನರ ಮಾತಿನಂತೆ ಕಾಣತೊಡಗುತ್ತದೆ. ಹಾಳೆಯ ಪ್ರೊಟೊಟೈಪ್ ಮಾಡಿಕೊಂಡು ಅದೇ ಜನರ ಬಳಿ ಮರಳಿ ಹೋಗಿ. ದಿನಗೂಲಿಯವರ ಒಂದು ಗಂಟೆ ಎಂದರೆ ಅದು ಅವರ ಸಂಪಾದನೆ. ಆ ಸಮಯಕ್ಕೆ ತಕ್ಕ ಹಣ ಕೊಡಿ, ಅವರ ಮಾತಿನಿಂದ ಏನು ಬದಲಾಯಿತೆಂದು ತೋರಿಸಿ. ನಮ್ಮ ಡಿಸೈನ್ ಬಳಕೆದಾರ ಕೇಂದ್ರಿತ ಎಂಬ ಮಾತನ್ನು ಆಡುವ ಹಕ್ಕು ನಮಗೆ ಬರುವುದು ಅಷ್ಟು ಮಾಡಿದ ಮೇಲೆಯೇ.